ರೇಸಿನ ಹಿಂದಿನ ದಿನ ಕೋರ್ಸ್ ಓಡಿಸಿದರೆ ಕಾಲು ಸುಸ್ತಾಗಲ್ವಾ?

ಪ್ರಶ್ನೆ: ಮುಂದಿನ ತಿಂಗಳು ನನ್ನ ಮೊದಲ ಮೌಂಟೇನ್ ಬೈಕ್ ರೇಸ್. ಐದು ಕಿಲೋಮೀಟರಿನ ಸುತ್ತು, ನಮ್ಮ ವಿಭಾಗಕ್ಕೆ ನಾಲ್ಕು ಸುತ್ತು. ಹಿಂದಿನ ದಿನ ಮಧ್ಯಾಹ್ನ ಕೋರ್ಸ್, ಅಂದರೆ ರೇಸಿನ ದಾರಿ, ಓಡಿಸಿ ನೋಡಲು ಬಿಡುತ್ತಾರಂತೆ. ಹೋಗಬೇಕಾ, ಇಲ್ಲಾ ರೂಮಲ್ಲಿ ಕಾಲು ಚಾಚಿಕೊಂಡು ರೆಸ್ಟ್ ತಗೊಳ್ಳೋದೇ ವಾಸಿನಾ?

ಉತ್ತರ: ಹೋಗಿ. ಒಂದು ಗಂಟೆ ನಿಧಾನವಾಗಿ ಸೈಕಲ್ ತುಳಿದರೆ ಮರುದಿನದ ಕಾಲಿಗೆ ಏನೂ ಆಗುವುದಿಲ್ಲ. ಐದಾರು ಗಂಟೆ ಕಾರಿನಲ್ಲಿ ಮುದುಡಿ ಕೂತು ಬಂದವರಿಗಂತೂ ಅದು ಒಳ್ಳೆಯದೇ. ಸುಸ್ತಾಗುವುದು ಬೇರೆ ಕಾರಣಕ್ಕೆ. ಅಲ್ಲಿ ಯಾರೋ ಜೋರಾಗಿ ಪಕ್ಕದಲ್ಲೇ ದಾಟಿ ಹೋಗುತ್ತಾರೆ. ನಮಗೂ ಸುಮ್ಮನಿರಲು ಆಗಲ್ಲ. ಒಂದು ಸುತ್ತು ಟೈಮ್ ನೋಡಿಯೇ ಬಿಡೋಣ ಅನಿಸುತ್ತದೆ. ಅಲ್ಲಿಗೆ ಕೆಟ್ಟಿತು. ನೀವು ಎಷ್ಟು ಫಾಸ್ಟ್ ಅನ್ನೋದು ನಾಳೆ ಹೇಗೂ ಗೊತ್ತಾಗುತ್ತೆ. ಇವತ್ತು ಹೋಗುವುದು ಎಲ್ಲೆಲ್ಲಿ ಏನು ಮಾಡಬೇಕು ಅಂತ ತೀರ್ಮಾನ ಮಾಡಿಕೊಂಡು ಬರಲಿಕ್ಕೆ.

ಮೊದಲ ಸುತ್ತು ನಿಲ್ಲಿಸಿ ನಿಲ್ಲಿಸಿ ಹೋಗಿ. ಒಂದು ಡ್ರಾಪ್, ಅಂದರೆ ದಾರಿ ಮೆಟ್ಟಿಲಿನ ಹಾಗೆ ಥಟ್ಟನೆ ಕೆಳಗಿಳಿಯುವ ಜಾಗ, ಬಂತು ಅನ್ನಿ. ಹಿಂದೆ ಬರುವವರಿಗೆ ದಾರಿ ಬಿಟ್ಟು ಸೈಕಲ್ ಪಕ್ಕಕ್ಕೆ ಮಲಗಿಸಿ, ನಡೆದುಕೊಂಡು ಕೆಳಗಿಳಿಯಿರಿ. ಅಲ್ಲಿಂದ ಮೇಲಕ್ಕೆ ತಿರುಗಿ ನೋಡಿ. ಸೀಟಿನ ಮೇಲೆ ಕೂತಾಗ ಎದೆ ಝಲ್ ಅನ್ನಿಸಿದ್ದು ಕೆಳಗಿಂದ ನೋಡಿದರೆ ಬರೀ ಮೊಣಕಾಲೆತ್ತರ ಇರಬಹುದು. ಇಳಿಯುವ ಜಾಗ ಇಳಿಜಾರಾಗಿದೆಯಾ, ಸಪಾಟಾಗಿದೆಯಾ? ಇಳಿದ ಮೇಲೆ ಬ್ರೇಕ್ ಹಿಡಿಯಲು ಜಾಗ ಇದೆಯಾ, ತಕ್ಷಣ ತಿರುವಾ? ನಾಲ್ಕೈದು ಜನ ಇಳಿಯುವವರೆಗೂ ಅಲ್ಲೇ ನಿಂತಿರಿ. ಚೆನ್ನಾಗಿ ಓಡಿಸುವವರ ಮುಂದಿನ ಚಕ್ರ ಎಲ್ಲಿ ಬೀಳುತ್ತದೆ ಅನ್ನುವುದು ಧೂಳಿನಲ್ಲಿ ಅಚ್ಚೊತ್ತಿದ ಹಾಗೆ ಕಾಣುತ್ತದೆ. ನಿಮಗೊಂದು ಗುರುತು ಇಟ್ಟುಕೊಳ್ಳಿ. ‘ಆ ಬಂಡೆಯ ಎಡಕ್ಕೆ’, ‘ಸೀಳಿದ ಬೇರಿನ ಮೇಲೆ’, ಹೀಗೆ. ಸಣ್ಣ ಕಲ್ಲು, ಬಿದ್ದ ಕೊಂಬೆ ಗುರುತಾಗಲ್ಲ. ನಾಳೆ ನೂರು ಜನರ ಚಕ್ರ ಹಾದ ಮೇಲೆ ಅವು ಅಲ್ಲಿರುವುದಿಲ್ಲ.

ಆಮೇಲೆ ಮೇಲಕ್ಕೆ ಹೋಗಿ ಓಡಿಸಿ. ಸರಿಯಾಗಿ ಬಂತಾ? ಇನ್ನೊಂದು ಸಲ. ಎರಡೂ ಸಲ ಸರಿ ಬಂದರೆ ಮುಂದೆ ನಡೀರಿ, ಅಲ್ಲೇ ಮಜಾ ತಗೊಳ್ತಾ ಹತ್ತು ಸಲ ಹಾರಬೇಡಿ. ಇನ್ನೂ ಭಯ ಇದ್ದರೆ ಬಿ-ಲೈನ್ ಅಂತ ಪಕ್ಕದಲ್ಲೊಂದು ಸುಲಭದ ದಾರಿ ಬಿಟ್ಟಿರುತ್ತಾರೆ. ಕೆಲವು ಸೆಕೆಂಡು ಜಾಸ್ತಿ ಹಿಡಿಯುತ್ತೆ, ಅಷ್ಟೇ. ಯಾವ ದಾರಿ ಅನ್ನುವುದನ್ನು ಇವತ್ತೇ ನಿಂತು ತೀರ್ಮಾನಿಸಿ. ನಾಳೆ ಏದುಸಿರು ಬಿಡುತ್ತಾ ಡ್ರಾಪಿನ ತುದಿಯಲ್ಲಿ ಯೋಚನೆ ಮಾಡುವವರೇ ಬೀಳುವುದು. ತೀರ್ಮಾನ ಮಾಡುವಾಗ ನಾಲ್ಕನೇ ಸುತ್ತು ನೆನಪಿರಲಿ. ಲೈನ್ ಅಂದರೆ ಚಕ್ರ ಹಾಯಿಸಲು ನೀವು ಆರಿಸಿಕೊಂಡ ದಾರಿ. ಕೈ ಸೋತಾಗಲೂ ಓಡಿಸಲು ಬರುವ ಲೈನೇ ನಿಮ್ಮ ಲೈನ್.

ಏರಿನಲ್ಲಿ ನೋಡಬೇಕಾದದ್ದು ಕಡಿಮೆ. ಕಡಿದಾದ ಏರು ತಿರುವಿನ ಹಿಂದೆ ಅಡಗಿದ್ದರೆ ತಿರುವಿಗೆ ಮುಂಚೆಯೇ ಗೇರ್ ಇಳಿಸಬೇಕು. ಏರಿನ ಮಧ್ಯೆ ಜೋರಾಗಿ ಒತ್ತಿ ಗೇರ್ ಬದಲಿಸಿದರೆ ಚೈನ್ ಜಿಗಿಯುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ. ಸಿಂಗಲ್ ಟ್ರ್ಯಾಕ್ (ಒಂದೇ ಸೈಕಲ್ ಹಿಡಿಯುವ ಕಿರಿದಾದ ದಾರಿ) ಶುರುವಾಗುವ ಮುಂಚೆ ಮುಂದಿನವರನ್ನು ದಾಟಲು ಜಾಗ ಎಲ್ಲಿದೆ ನೋಡಿಕೊಳ್ಳಿ. ಹ್ಯಾಂಡಲ್‌ನಿಂದ ಒಂದು ಕೈ ತೆಗೆದು ನೀರು ಕುಡಿಯಬಹುದಾದ ಜಾಗ ಇಡೀ ಸುತ್ತಿನಲ್ಲಿ ಎರಡೋ ಮೂರೋ ಸಿಕ್ಕರೆ ಪುಣ್ಯ. ಎರಡನೇ ಸುತ್ತನ್ನು ನಿಲ್ಲಿಸದೆ, ಆರಾಮಾಗಿ ಮಾತಾಡಿಕೊಂಡು ಹೋಗುವ ವೇಗದಲ್ಲಿ ಮುಗಿಸಿ. ಸಾಕು.

ಯಾರೋ ಹೆಲ್ಮೆಟ್ಟಿಗೆ ಕ್ಯಾಮೆರಾ ಕಟ್ಟಿ ತೆಗೆದ ವಿಡಿಯೋ ನೋಡಿದರೆ ಸಾಲದಾ ಅಂತಲೂ ಕೇಳುವವರಿದ್ದಾರೆ. ತಿರುವುಗಳು ಯಾವ ಕ್ರಮದಲ್ಲಿ ಬರುತ್ತವೆ ಅಂತ ತಿಳಿಯಲು ಸಾಕು. ಇಳಿಜಾರು ಎಷ್ಟು ಕಡಿದು ಅನ್ನುವುದು ಮಾತ್ರ ಕ್ಯಾಮೆರಾದಲ್ಲಿ ಗೊತ್ತಾಗಲ್ಲ, ಎಲ್ಲಾ ಸಪಾಟಾಗಿ ಕಾಣುತ್ತದೆ.

ಓಡಿಸಿ ನೋಡಿದ ಮಾತ್ರಕ್ಕೆ ಎಲ್ಲಾ ಗೊತ್ತಾಯಿತು ಅಂತಲೂ ಅಲ್ಲ. 2021ರ ಜುಲೈನಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್ ನೆನಪಿದೆಯಾ? ಇಜು ಎಂಬಲ್ಲಿ ಗಂಡಸರ ಮೌಂಟೇನ್ ಬೈಕ್ ಕ್ರಾಸ್ ಕಂಟ್ರಿ ರೇಸ್. ಚಿನ್ನ ಗೆಲ್ಲಬಹುದು ಅಂತ ಎಲ್ಲರೂ ಹೇಳುತ್ತಿದ್ದವರಲ್ಲಿ ನೆದರ್ಲೆಂಡ್ಸ್‌ನ ಮಾಥ್ಯೂ ವ್ಯಾನ್ ಡರ್ ಪೂಲ್ ಒಬ್ಬರು. ಕೋರ್ಸಿನಲ್ಲಿ ಸಕುರಾ ಡ್ರಾಪ್ ಅಂತ ದೊಡ್ಡ ಬಂಡೆಯೊಂದಿತ್ತು. ಓಡಿಸಿ ನೋಡುವಾಗ ಅದರಿಂದ ಇಳಿಯಲು ಹಲಗೆ ಇಟ್ಟಿದ್ದರು. ರೇಸಿಗೆ ಹಲಗೆ ತೆಗೆದರು. ಅದು ಇದ್ದೇ ಇರುತ್ತದೆ ಅಂದುಕೊಂಡು ವ್ಯಾನ್ ಡರ್ ಪೂಲ್ ಮೊದಲ ಸುತ್ತಿನಲ್ಲೇ ಬಂಡೆಯ ಮೇಲಿಂದ ಚಕ್ರ ಉರುಳಿಸಿದರು. ಮುಂದಿನ ಚಕ್ರ ನೇರ ಕೆಳಗೆ ಹೋಯಿತು, ಅವರು ಹ್ಯಾಂಡಲ್ ದಾಟಿ ಬಿದ್ದರು. ಎದ್ದು ಕೆಲವು ಸುತ್ತು ಓಡಿಸಿ, ಕೊನೆಗೆ ರೇಸ್ ಬಿಟ್ಟರು. ಚಿನ್ನ ಬ್ರಿಟನ್ನಿನ ಟಾಮ್ ಪಿಡ್‌ಕಾಕ್ ಪಾಲಾಯಿತು. ಅಂಥ ಸವಾರನಿಗೇ ಹಾಗಾದ ಮೇಲೆ ನಾವು ರೇಸಿನ ದಿನ ಬೆಳಿಗ್ಗೆ ವಾಲಂಟಿಯರ್ ಹುಡುಗರನ್ನು ‘ರಾತ್ರಿ ಏನಾದ್ರೂ ಬದಲಾಯಿಸಿದ್ರಾ?’ ಅಂತ ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ.

ಎಲ್ಲಾ ರೇಸಿನಲ್ಲೂ ಹೀಗೆ ಓಡಿಸಿ ನೋಡುವ ಅವಕಾಶ ಒಂದೇ ತರ ಇರುವುದಿಲ್ಲ. ಬರೀ ಇಳಿಜಾರಿನಲ್ಲೇ ನಡೆಯುವ ಡೌನ್‌ಹಿಲ್ ರೇಸಿನಲ್ಲಿ ಸೈಕಲ್ ಮುಟ್ಟುವ ಮುಂಚೆ ಇಡೀ ಟ್ರ್ಯಾಕ್ ನಡೆದು ನೋಡುತ್ತಾರೆ. ದಿನಕ್ಕೊಂದು ಹಂತದಂತೆ ಕೆಲವು ದಿನ ನಡೆಯುವ ಸ್ಟೇಜ್ ರೇಸುಗಳಲ್ಲಿ ಓಡಿಸಿ ನೋಡುವ ಮಾತೇ ಇಲ್ಲ, ಎದುರು ಬಂದದ್ದನ್ನು ಬಂದ ಹಾಗೆ ಓಡಿಸಬೇಕು.

ಇನ್ನೊಂದು ವಿಷಯ. ಕೋರ್ಸಿನ ಮ್ಯಾಪ್ ಫೋನಿಗೆ ಬಂತು ಅಂತ ಎರಡು ವಾರ ಮುಂಚೆಯೇ ಸೈಕಲ್ ಹಾಕಿಕೊಂಡು ನುಗ್ಗಬೇಡಿ. ನಮ್ಮ ಕಡೆ ಇಂಥ ದಾರಿಗಳು ಕಾಫಿ ಎಸ್ಟೇಟ್ ಒಳಗೋ ಅರಣ್ಯ ಇಲಾಖೆಯ ಜಾಗದಲ್ಲೋ ಹಾದುಹೋಗಬಹುದು. ಆಯೋಜಕರು ಆ ದಿನಗಳಿಗೆ ಮಾತ್ರ ಅನುಮತಿ ಪಡೆದಿರುತ್ತಾರೆ. ನೀವು ಹೋಗಿ ಸಿಕ್ಕಿಬಿದ್ದರೆ ಮುಂದಿನ ವರ್ಷ ಯಾರಿಗೂ ಅನುಮತಿ ಸಿಗದೇ ಹೋಗಬಹುದು. ಸಕಲೇಶಪುರದ ಕಡೆಯಾದರೆ ಆನೆಯನ್ನೂ ಲೆಕ್ಕಕ್ಕೆ ತಗೊಳ್ಳಬೇಕು!

ಟೈರಿನ ಗಾಳಿಯನ್ನೂ ಹಿಂದಿನ ದಿನವೇ ಪರೀಕ್ಷೆ ಮಾಡಿ. ಟ್ಯೂಬ್‌ಲೆಸ್ ಆದರೆ, ಎಪ್ಪತ್ತು ಕಿಲೋ ತೂಗುವವರು 22 ಪಿಎಸ್‌ಐ ಆಸುಪಾಸಿನಿಂದ ಶುರು ಮಾಡಬಹುದು. ಗರಸು ಮಣ್ಣಿನ ತಿರುವಿನಲ್ಲಿ ಜಾರಿದರೆ ಒಂದು ಪಿಎಸ್‌ಐ ಇಳಿಸಿ, ಕಲ್ಲಿಗೆ ರಿಮ್ ಬಡಿದ ಸದ್ದು ಕೇಳಿದರೆ ಏರಿಸಿ. ಜಾಲಿ ಮುಳ್ಳಿನ ಜಾಗವಾದರೆ ಒಳಗೆ ಸೀಲಂಟ್ (ತೂತು ಮುಚ್ಚುವ ದ್ರವ) ಒಣಗಿಲ್ಲ ತಾನೇ ಅಂತ ಮನೆಯಲ್ಲೇ ನೋಡಿಕೊಳ್ಳಿ. ರಾತ್ರಿ ಮಳೆ ಬಂದರೆ ಈ ಲೆಕ್ಕವೂ ಬದಲಾಗುತ್ತದೆ. ಒದ್ದೆ ಬೇರು ಎಷ್ಟು ಜಾರುತ್ತದೆ ಅಂದರೆ ನಿನ್ನೆ ಆರಿಸಿಕೊಂಡ ಲೈನ್ ಇವತ್ತು ನಡೆಯದೇ ಇರಬಹುದು. ಬೆಳಿಗ್ಗೆ ಪೂರ್ತಿ ಸುತ್ತಿಗೆ ಸಮಯ ಇಲ್ಲದಿದ್ದರೂ ನಿಮಗೆ ಭಯ ಹುಟ್ಟಿಸಿದ ಒಂದು ಜಾಗಕ್ಕೆ ನಡೆದು ಹೋಗಿ ನೋಡಿ ಬನ್ನಿ, ಅನುಮಾನ ಇದ್ದರೆ ಬಿ-ಲೈನ್ ಹಿಡಿಯಿರಿ.