ಪದ ಪರಿಚಯ: ಡ್ಯುಯಲ್ ಬ್ಯಾಂಡ್

ಮನೆಗೊಂದು ವೈಫೈ ರೂಟರ್ ಬೇಕು ಅಂತ ಅಂಗಡಿಗೆ ಹೋದರೆ, ಡಬ್ಬಿಯ ಮೇಲೆ ಮೊದಲು ಕಣ್ಣಿಗೆ ಬೀಳುವ ಪದವೇ 'ಡ್ಯುಯಲ್ ಬ್ಯಾಂಡ್'. ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ 'ಎಸಿ1200' ಅಂತಲೋ 'ಎಎಕ್ಸ್1500' ಅಂತಲೋ ಬರೆದಿರುತ್ತದೆ. ಎರಡನ್ನೂ ಸೇರಿಸಿ ಓದಿದವರು 'ಓ, ಇದು ಡಬಲ್ ಸ್ಪೀಡ್ ಇರಬೇಕು' ಅಂದುಕೊಳ್ಳುತ್ತಾರೆ. ಹಾಗಲ್ಲ. ಡ್ಯುಯಲ್ ಬ್ಯಾಂಡ್ ಅಂದರೆ ಎರಡು ದಾರಿ. ಒಂದು ದೂರ ಹೋಗುತ್ತದೆ, ಇನ್ನೊಂದು ಜೋರಾಗಿ ಓಡುತ್ತದೆ. ಇಷ್ಟು ತಿಳಿದರೆ ರೂಟರ್ ಆರಿಸುವ ಅರ್ಧ ಕೆಲಸ ಮುಗಿದ ಹಾಗೆ.

ಬ್ಯಾಂಡ್ ಅಂದರೆ ಇಲ್ಲಿ ಪಟ್ಟಿ, ಅಂದರೆ ರೇಡಿಯೋ ಅಲೆಗಳ ಒಂದು ಹರವು. ಇದು ನಮಗೆ ಹೊಸದೇನಲ್ಲ. ಹಳೇ ರೇಡಿಯೋದಲ್ಲಿ ಮೀಡಿಯಂ ವೇವ್, ಎಫ್‌ಎಂ ಅಂತ ಗುಂಡಿ ತಿರುಗಿಸುತ್ತಿದ್ದೆವಲ್ಲ, ಅವೂ ಬ್ಯಾಂಡ್‌ಗಳೇ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ದೂರದ ಜಿಲ್ಲೆಗಳಿಗೂ ಕೇಳಿಸುತ್ತಿತ್ತು. 101.3ರ ಎಫ್‌ಎಂ ಊರು ದಾಟಿ ಸ್ವಲ್ಪ ಹೊತ್ತಿಗೆ ಕರಕರ ಅನ್ನುತ್ತಿತ್ತು. ಆದರೆ ಹಾಡು ಚೆನ್ನಾಗಿ ಕೇಳಿಸುತ್ತಿದ್ದದ್ದು ಎಫ್‌ಎಂನಲ್ಲೇ. ವೈಫೈಯಲ್ಲೂ ಹೆಚ್ಚುಕಡಿಮೆ ಇದೇ ಸ್ವಭಾವ.

ರೂಟರ್‌ನ ಒಂದು ಪಟ್ಟಿ 2.4 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 240 ಕೋಟಿ ಕಂಪನ. ಇದರ ಒಂದು ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಇನ್ನೊಂದು 5 ಗಿಗಾಹರ್ಟ್ಸ್. ಅದರ ಅಲೆ ಇದರ ಅರ್ಧದಷ್ಟು. 2.4ರದ್ದು ಗೋಡೆ ದಾಟಿಯೂ ಒಂದಿಷ್ಟು ಶಕ್ತಿ ಉಳಿಸಿಕೊಳ್ಳುತ್ತದೆ. 5ರದ್ದು ಗೋಡೆಯಲ್ಲೇ ಜಾಸ್ತಿ ಸೋರಿಹೋಗುತ್ತದೆ.

ಹಾಗಾದರೆ 5 ಯಾಕೆ ಬೇಕು? ಜಾಗಕ್ಕಾಗಿ. ನಮ್ಮ ದೇಶದಲ್ಲಿ 2005ರಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟ 2.4ರ ಪಟ್ಟಿಯ ಅಗಲ ಬರೀ 83.5 ಮೆಗಾಹರ್ಟ್ಸ್. ಒಂದಕ್ಕೊಂದು ತಾಗದ ಹಾಗೆ ಅದರಲ್ಲಿ ಮೂರೇ ಚಾನೆಲ್, ಅಂದರೆ ಪಟ್ಟಿಯೊಳಗಿನ ಸಾಲುಗಳು, ಹಿಡಿಸುತ್ತವೆ: 1, 6 ಮತ್ತು 11. ಬ್ಲೂಟೂತ್ ಕೂಡ ಅಲ್ಲೇ, ಮೈಕ್ರೋವೇವ್ ಒಲೆಯ ಗದ್ದಲವೂ ಅಲ್ಲೇ. 5ರ ಸುತ್ತಮುತ್ತ 2018ರಲ್ಲಿ ತೆರೆದ ಜಾಗ 605 ಮೆಗಾಹರ್ಟ್ಸ್. ಪೇಟೆ ಬೀದಿಗೂ ರಿಂಗ್ ರೋಡಿಗೂ ಇರುವ ವ್ಯತ್ಯಾಸ.

ಬೆಂಗಳೂರಿನ ಯಾವುದಾದರೂ ಅಪಾರ್ಟ್‌ಮೆಂಟಿನಲ್ಲಿ ಕೂತು ಫೋನಿನಲ್ಲಿ ಯಾವ ಯಾವ ವೈಫೈ ಸಿಗುತ್ತದೆ ಅಂತ ತೆಗೆದು ನೋಡಿ. ಅಕ್ಕಪಕ್ಕ, ಮೇಲೆ ಕೆಳಗೆ ಇರುವ ಮನೆಗಳ ಹೆಸರೆಲ್ಲ ಸಾಲಾಗಿ ಬರುತ್ತವೆ. ಅವೆಲ್ಲ ಆ ಮೂರು ಚಾನೆಲ್‌ಗಳನ್ನೇ ಹಂಚಿಕೊಳ್ಳಬೇಕು. ಅಂಥ ಕಡೆ 5 ಗಿಗಾಹರ್ಟ್ಸ್ ಗೋಡೆ ದಾಟದಿರುವುದೇ ಒಳ್ಳೆಯದು. ಪಕ್ಕದ ಮನೆಯದು ನಮ್ಮ ಮನೆಗೆ ಅಷ್ಟಾಗಿ ಬರುವುದಿಲ್ಲ, ನಮ್ಮದು ಅವರ ಮನೆಗೆ ಹೋಗುವುದಿಲ್ಲ.

ಮಲೆನಾಡಿನಲ್ಲಿ ಕಥೆಯೇ ಬೇರೆ. ಸಾಗರದ ಹತ್ತಿರ ನಮ್ಮ ಅಣ್ಣನ ಮನೆ ಇದೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಗಳು. ಜಗಲಿ, ಅದರಾಚೆ ನಡುಮನೆ, ಅದರಾಚೆ ಅಡುಗೆಮನೆ. ಫೈಬರ್ ತಂತಿ ಜಗಲಿಯ ಕಿಟಕಿಯಿಂದ ಒಳಗೆ ಬಂದಿತ್ತು, ರೂಟರ್ ಅಲ್ಲೇ ಮೊಳೆಗೆ ನೇತಾಡುತ್ತಿತ್ತು. ಒಂದು ಸಂಜೆ ಫೋನ್ ಮಾಡಿದ. 'ಹಳೇದು ತೆಗೆದು 1200ರದ್ದೇ ತಂದಿದ್ದು ಮಾರಾಯ, ಆದ್ರೂ ಅಡುಗೆಮನೆಗೆ ಬರ್ತಾ ಇಲ್ಲ.'

ಹಬ್ಬಕ್ಕೆ ಹೋದಾಗ ಫೋನ್ ಹಿಡಿದುಕೊಂಡು ಮನೆಯೆಲ್ಲ ಓಡಾಡಿದೆ. ಜಗಲಿಯಲ್ಲಿ ಎರಡೂ ಪಟ್ಟಿಯ ಸಿಗ್ನಲ್ ಗೆರೆಗಳು ತುಂಬಿದ್ದವು. ನಡುಮನೆಗೆ ಕಾಲಿಟ್ಟ ಕೂಡಲೇ 5ರದ್ದು ಒಂದೇ ಗೆರೆ. ಅಡುಗೆಮನೆಯಲ್ಲಿ ಅದರ ಹೆಸರೇ ಇಲ್ಲ. 2.4ರದ್ದು ಎರಡು ಗೆರೆ ಇತ್ತು, ಆದರೆ ಅತ್ತಿಗೆಯ ಫೋನಿನಲ್ಲಿ ಅದರ ಪಾಸ್‌ವರ್ಡ್ ಹಾಕಿಯೇ ಇರಲಿಲ್ಲ. ಹಾಕಿಕೊಟ್ಟೆ. ಬೆಂಗಳೂರಿನಲ್ಲಿರುವ ಮಗಳ ಮುಖ ಒಲೆಯ ಪಕ್ಕದಲ್ಲೇ ಕಾಣಿಸಿತು.

ಪಾಸ್‌ವರ್ಡ್ ಹಾಕದೆ ಬಿಟ್ಟದ್ದಕ್ಕೂ ಕಾರಣ ಇತ್ತು. ರೂಟರ್ ಎರಡು ಹೆಸರು ತೋರಿಸುತ್ತಿತ್ತು. ಒಂದರ ಕೊನೆಗೆ '5ಜಿ' ಅಂತ ಇತ್ತು. 5ಜಿ ಅಂದರೆ ಹೊಸದು, ಅದೊಂದು ಸಾಕು ಅಂತ ಅಣ್ಣ ಅಂದುಕೊಂಡಿದ್ದ. ಈ ತಪ್ಪು ತುಂಬಾ ಜನರಿಗೆ ಆಗುತ್ತದೆ. ಮೊಬೈಲಿನ 5ಜಿ ಅಂದರೆ ಐದನೇ ತಲೆಮಾರು. ರೂಟರ್ ಹೆಸರಿನ 5ಜಿ ಅಂದರೆ 5 ಗಿಗಾಹರ್ಟ್ಸ್. ಎರಡಕ್ಕೂ ಸಂಬಂಧವೇ ಇಲ್ಲ.

ಇನ್ನು ಆ 1200. ಸಾಮಾನ್ಯವಾಗಿ ಅದು 2.4ರ 300 ಮತ್ತು 5ರ 867 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್ ಅನ್ನುವ ವೇಗದ ಅಳತೆ) ಕೂಡಿಸಿದ ಲೆಕ್ಕ. ಒಟ್ಟು 1167, ದುಂಡಗೆ ಮಾಡಿ 1200. ಮಾಮೂಲಿ ಫೋನ್ ಒಂದು ಹೊತ್ತಿಗೆ ಒಂದೇ ಪಟ್ಟಿಯಲ್ಲಿರುತ್ತದೆ, ಹಾಗಾಗಿ ಈ ಮೊತ್ತ ಯಾರ ಕೈಗೂ ಸಿಗುವುದಿಲ್ಲ. ಎರಡನ್ನೂ ಒಟ್ಟಿಗೆ ಬಳಸುವ ದಾರಿ ಬಂದಿರುವುದು ವೈಫೈ 7 ಅನ್ನುವ ಹೊಸ ತಲೆಮಾರಿನಲ್ಲಿ. 867 ಕೂಡ ಪೂರ್ತಿ ಸಿಗುವುದಿಲ್ಲ. ಒಂದು ಚಾನೆಲ್‌ನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು, ಉಳಿದವರು ಕಾಯಬೇಕು. ಅದರ ಅರ್ಧ ಸಿಕ್ಕರೂ ಚೆನ್ನಾಗಿದೆ ಅಂತಲೇ ಲೆಕ್ಕ. 'ಎಸಿ' ಅಂದರೆ ವೈಫೈ 5, 'ಎಎಕ್ಸ್' ಅಂದರೆ ವೈಫೈ 6. 2018ರಲ್ಲಿ ಈ ಸುಲಭದ ಅಂಕಿಗಳು ಬಂದವು, ಆದರೂ ಡಬ್ಬಿಗಳ ಮೇಲೆ ಹಳೇ ಅಕ್ಷರಗಳು ಉಳಿದುಕೊಂಡಿವೆ. ಈಗ ಹೊಸದಾಗಿ ಕೊಳ್ಳುವವರು ವೈಫೈ 6ರದ್ದನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ. ಮನೆ ತುಂಬ ಫೋನು, ಟಿವಿ, ಲ್ಯಾಪ್‌ಟಾಪ್ ಇದ್ದಾಗ ಎಲ್ಲರಿಗೂ ಸರದಿ ಹಂಚುವ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ.

ಡಬ್ಬಿಯ ಮುಂದೆ ಬರೆಯದ ಒಂದು ಮಾತು ಇದೆ. ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ಮೈಸೂರಿನ ಗೆಳತಿಯೊಬ್ಬಳು 300 ಎಂಬಿಪಿಎಸ್ ಪ್ಲ್ಯಾನ್ ಹಾಕಿಸಿದ್ದಳು. ರೂಟರ್ ಪಕ್ಕದಲ್ಲೇ ಕೂತು ಅಳೆದರೂ 94ರ ಮೇಲೆ ಹೋಗುತ್ತಿರಲಿಲ್ಲ. ತಿಂಗಳುಗಟ್ಟಲೆ ಇಂಟರ್ನೆಟ್ ಕೊಟ್ಟವರ ಜೊತೆ ಜಗಳ ಆಡಿದಳು. ಕೊನೆಗೆ ರೂಟರ್ ಹಿಂದೆ ಬಗ್ಗಿ ನೋಡಿ, ಅದರ ವಿವರ ಹುಡುಕಿದರೆ, ತಂತಿ ಚುಚ್ಚುವ ಪೋರ್ಟ್ 100 ಎಂಬಿಪಿಎಸ್‌ನದು! ಬಾಗಿಲೇ ಕಿರಿದಾದರೆ ಒಳಗಿನ ಹಜಾರ ಎಷ್ಟು ದೊಡ್ಡದಿದ್ದು ಏನು? ಕಡಿಮೆ ಬೆಲೆಯ ಎಸಿ1200 ರೂಟರ್‌ಗಳಲ್ಲಿ ಇದು ಸಾಮಾನ್ಯ. ಪ್ಲ್ಯಾನ್ 100ಕ್ಕಿಂತ ಜಾಸ್ತಿ ಇದ್ದರೆ ಎಲ್ಲ ಪೋರ್ಟ್‌ಗಳೂ 'ಗಿಗಾಬಿಟ್' (1000 ಎಂಬಿಪಿಎಸ್) ಅಂತ ಇದೆಯಾ ನೋಡಿಯೇ ದುಡ್ಡು ಕೊಡಿ.

ಸ್ಮಾರ್ಟ್ ಬಲ್ಬು, ಕ್ಯಾಮೆರಾ, ಗೀಸರಿಗೆ ಹಾಕುವ ಸ್ಮಾರ್ಟ್ ಪ್ಲಗ್ ಇಂಥವು ಬಹುಪಾಲು 2.4ಕ್ಕೆ ಮಾತ್ರ ಸೇರುತ್ತವೆ. ಹಾಗಾಗಿ ಆ ಪಟ್ಟಿಯನ್ನು ಸುಮ್ನೆ ಆಫ್ ಮಾಡಿಬಿಡಬೇಡಿ. ಎರಡಕ್ಕೂ ಒಂದೇ ಹೆಸರು ಕೊಟ್ಟರೆ ಯಾವುದಕ್ಕೆ ಸೇರಬೇಕು ಅನ್ನುವುದನ್ನು ಫೋನು, ರೂಟರ್ ಸೇರಿ ನೋಡಿಕೊಳ್ಳುತ್ತವೆ. ಅಣ್ಣನ ಮನೆಯಂಥ ಕಡೆ ಬೇರೆ ಬೇರೆ ಹೆಸರು ಇಡುವುದೇ ನನಗೆ ಸರಿ ಕಾಣುತ್ತದೆ. ರೂಟರನ್ನು ಕಬ್ಬಿಣದ ಬೀರುವಿನ ಹಿಂದೆ, ಟಿವಿಯ ಹಿಂದೆ ತುರುಕಬೇಡಿ. ಆಂಟೆನಾ ನೆಟ್ಟಗೆ ನಿಲ್ಲಿಸಿ. ಅಲೆ ಅದರ ತುದಿಯಿಂದಲ್ಲ, ಪಕ್ಕದಿಂದ ಸುತ್ತಲೂ ಹರಡುತ್ತದೆ.

ಅಣ್ಣನಿಗೆ ಇನ್ನೊಂದು ಹೊಸ ರೂಟರ್ ತೆಗೆದುಕೊಡಲಿಲ್ಲ. ಮೂಲೆಗೆ ಬಿದ್ದಿದ್ದ ಹಳೇದನ್ನು ಹುಡುಕಿ ತೆಗೆದೆವು. ಜಗಲಿಯಿಂದ ಅಟ್ಟದ ಮೇಲೆ ಹಾಯಿಸಿ ಅಡುಗೆಮನೆ ಬಾಗಿಲತನಕ 20 ಮೀಟರ್ ಲ್ಯಾನ್ ಕೇಬಲ್ ಎಳೆದೆವು. ಹಳೇ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ, ಅಂದರೆ ತಂತಿಯಲ್ಲಿ ಬಂದ ಇಂಟರ್ನೆಟ್ಟನ್ನು ವೈಫೈಯಾಗಿ ಹಂಚುವುದಷ್ಟೇ ಅದರ ಕೆಲಸ ಅನ್ನುವ ಹಾಗೆ, ಹಾಕಿ ಆ ಕೇಬಲಿನ ತುದಿಗೆ ಸಿಕ್ಕಿಸಿದೆವು. ಅದು ಒಂದೇ ಪಟ್ಟಿಯದು, 2.4 ಮಾತ್ರ. ಈಗ ಕೊಟ್ಟಿಗೆಯವರೆಗೂ ಸಿಗ್ನಲ್ ಸಿಗುತ್ತದೆ.