ಚೈನ್ ಪುಲ್ಲಿಗೆ ಎಣ್ಣೆ ಹಾಕಿದರೆ ಲೋಡ್ ಜಾರುತ್ತಾ?

ಪ್ರಶ್ನೆ: "ಸರ್, ನಮ್ಮ ವರ್ಕ್‌ಶಾಪಿನಲ್ಲಿ ಒಂದು ಟನ್ನಿನ ಚೈನ್ ಪುಲ್ಲಿ ಇದೆ. ಲೋಡ್ ಚೈನ್ ಒಣಗಿ ಕಿರಗುಟ್ಟುತ್ತೆ. ಎಣ್ಣೆ ಹಾಕೋಣ ಅಂದ್ರೆ ಮೇಸ್ತ್ರಿ ಬೈತಾರೆ, ಲೋಡ್ ಜಾರುತ್ತಂತೆ. ಹಾಕಬೇಕಾ, ಬೇಡ್ವಾ?"

ಹಾಕಬೇಕು. ಭಾರ ತೂಗುವ ಲೋಡ್ ಚೈನ್‌ಗೆ ಎಣ್ಣೆ ಬೇಕೇ ಬೇಕು, ನಾವು ಕೈಯಲ್ಲಿ ಎಳೆಯುವ ಕೈಚೈನ್‌ಗೆ ಬೇಡ, ಬ್ರೇಕಿಗೆ ಒಂದು ಹನಿಯೂ ಸೋಕಬಾರದು. ಉತ್ತರ ಇಷ್ಟೇ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ಪ್ರಶ್ನೆ ಬರುತ್ತಲೇ ಇದೆ, ಯಾಕೆಂದರೆ ಕೇಳುವವರ ಬೆನ್ನ ಹಿಂದೆ ಒಬ್ಬ ಮೇಸ್ತ್ರಿ ನಿಂತಿರುತ್ತಾರೆ, ಅವರ ಮಾತು ನನ್ನ ಮಾತಿಗಿಂತ ಗಟ್ಟಿ. ಹಾಗಾಗಿ ಈ ಸಲ ಮೇಸ್ತ್ರಿಗಳಿಗೇ ಬರೆಯುತ್ತಿದ್ದೇನೆ.

ಈ ನಂಬಿಕೆ ಬಾವಿಕಟ್ಟೆಯಿಂದ ಬಂದದ್ದು ಅಂತ ನನ್ನ ಅನುಮಾನ. ಬಾವಿಯ ರಾಟೆಯಲ್ಲಿ ಹಗ್ಗ ಸುಮ್ನೆ ಚಕ್ರದ ಮೇಲೆ ಕೂತಿರುತ್ತದೆ. ಕೊಡ ನಿಲ್ಲುವುದು ನಮ್ಮ ಕೈಹಿಡಿತದಿಂದ. ಆ ಹಗ್ಗಕ್ಕೆ ಎಣ್ಣೆ ಬಳಿದರೆ ಕೊಡ ಬಾವಿ ಪಾಲು, ಒಪ್ಪಿದೆ. ಚೈನ್ ಪುಲ್ಲಿ ಹಾಗಲ್ಲ. ಲೋಡ್ ಇಲ್ಲದಾಗ ಕೆಳಗಿನಿಂದ ಟಾರ್ಚ್ ಬಿಟ್ಟು ಒಳಗಿನ ಚಕ್ರ ನೋಡಿ. ಅದರಲ್ಲಿ ಕೊಂಡಿಯ ಅಳತೆಗೆ ಸರಿಯಾಗಿ ಗುಳಿಗಳಿವೆ. ಒಂದು ಕೊಂಡಿ ಗುಳಿಯಲ್ಲಿ ಮಲಗುತ್ತದೆ, ಮುಂದಿನದು ನಡುವಿನ ಸಂದಿಯಲ್ಲಿ ಎದ್ದು ನಿಲ್ಲುತ್ತದೆ, ಅದರ ಮುಂದಿನದು ಮತ್ತೆ ಮಲಗುತ್ತದೆ. ಗುಳಿಯಲ್ಲಿ ಕೂತ ಕೊಂಡಿ ಎಣ್ಣೆ ಹಚ್ಚಿದ ಮಾತ್ರಕ್ಕೆ ಎದ್ದು ಬರುವುದಿಲ್ಲ. ಸೈಕಲ್ ಚೈನ್‌ಗೆ ಎಣ್ಣೆ ಬಿಡುತ್ತೀರಲ್ಲ, ಅದಕ್ಕೇ ಅಂತ ಪೆಡಲ್ ಜಾರಿದ್ದು ಯಾವತ್ತಾದರೂ ಕಂಡಿದ್ದೀರಾ?

ಮತ್ತೆ ಲೋಡ್ ಹಿಡಿದು ನಿಲ್ಲಿಸುವುದು ಯಾರು? ಬ್ರೇಕು. ಕೈಚೈನ್ ಎಳೆದಾಗ ತಿರುಗುವ ಚಕ್ರ ಶಾಫ್ಟಿನ ಥ್ರೆಡ್ಡಿನ ಮೇಲೆ ನಟ್ಟಿನ ಹಾಗೆ ಕೂತಿದೆ. ಎತ್ತುವ ಕಡೆಗೆ ಎಳೆದರೆ ಅದು ಬಿಗಿಯಾಗುತ್ತಾ ಹೋಗಿ, ಬ್ರೇಕ್ ಲೈನಿಂಗುಗಳನ್ನು, ಅಂದರೆ ಉಜ್ಜಿ ಹಿಡಿಯುವ ಬಿಲ್ಲೆಗಳನ್ನು, ಒಂದು ಹಲ್ಲಿನ ಚಕ್ರಕ್ಕೆ ಒತ್ತುತ್ತದೆ. ಆ ಹಲ್ಲಿನ ಚಕ್ರ ಹಿಂದಕ್ಕೆ ತಿರುಗದಂತೆ ಪುಟ್ಟ ನಾಲಗೆಯೊಂದು ತಡೆಯುತ್ತದೆ. ಎತ್ತುವಾಗ ಕೇಳುವ ಟಿಕ್ ಟಿಕ್ ಅದರದ್ದೇ. ಕೈ ನಿಲ್ಲಿಸಿದರೆ ಲೋಡು ಕೆಳಗೆ ಜಗ್ಗುತ್ತದೆ, ಜಗ್ಗಿದ್ದೇ ಥ್ರೆಡ್ಡು ಇನ್ನೂ ಬಿಗಿಯಾಗುತ್ತದೆ. ಭಾರ ಜಾಸ್ತಿಯಾದಷ್ಟೂ ಹಿಡಿತವೂ ಜಾಸ್ತಿ. ಎಂಥ ತಲೆ ನೋಡಿ! ಹೊಸ ಹುಡುಗರಿಗೆ ಇದನ್ನು ಬಿಚ್ಚಿ ತೋರಿಸುವುದೆಂದರೆ ನನಗೆ ಈಗಲೂ ಹಬ್ಬ. ಅಂದಹಾಗೆ, ಎತ್ತುವಾಗ ಆ ಟಿಕ್ ಟಿಕ್ ಕೇಳಿಸದಿದ್ದರೆ ಅಲ್ಲಿಗೇ ನಿಲ್ಲಿಸಿ. ಸ್ಪ್ರಿಂಗ್ ಮುರಿದಿರಬಹುದು, ಅಥವಾ ನಾಲಗೆ ಜಿಡ್ಡು ಹಿಡಿದು ಅಂಟಿಕೊಂಡಿರಬಹುದು.

ಮೇಸ್ತ್ರಿಗಳು ಪೂರ್ತಿ ಸುಳ್ಳು ಹೇಳುತ್ತಿಲ್ಲ. ಪೀಣ್ಯದ ಒಂದು ಶೆಡ್ಡಿನಲ್ಲಿ ನಾನೇ ನೋಡಿದ್ದು ಹೇಳುತ್ತೇನೆ. ಚೈನ್‌ಗೆ ಎಣ್ಣೆ ಹಾಕು ಅಂದದ್ದಕ್ಕೆ ಹುಡುಗ ಏಣಿ ಹತ್ತಿ, ಲಾರಿಯಿಂದ ಇಳಿಸಿದ ಹಳೇ ಎಂಜಿನ್ ಆಯಿಲನ್ನು ಪುಲ್ಲಿಯ ತಲೆ ಮೇಲಿಂದಲೇ ಸುರಿದಿದ್ದ. ಮಾರನೇ ದಿನ ಗೇರ್‌ಬಾಕ್ಸ್ ಮೊಣಕಾಲೆತ್ತರಕ್ಕೆ ಎತ್ತಿ ಕೈ ಬಿಟ್ಟರೆ ಅದು ಮೆಲ್ಲಗೆ ಕೆಳಗಿಳಿಯಿತು. ಪುಣ್ಯಕ್ಕೆ ಕೆಳಗೆ ಯಾರ ಕಾಲೂ ಇರಲಿಲ್ಲ. "ನೋಡಿದ್ರಾ, ಚೈನ್ ಜಾರ್ತು" ಅಂದರು ಎಲ್ಲರೂ. ಕವರ್ ಬಿಚ್ಚಿದರೆ ಚೈನ್ ತನ್ನ ಗುಳಿಯಲ್ಲೇ ಗಟ್ಟಿಯಾಗಿ ಕೂತಿತ್ತು. ಬ್ರೇಕ್ ಲೈನಿಂಗ್ ಮಾತ್ರ ಕಪ್ಪಗೆ ಒದ್ದೆಯಾಗಿತ್ತು. ಆದರೆ ಆ ಬೀದಿಯಲ್ಲಿ ಉಳಿದ ಕಥೆ ಯಾವುದು ಅಂತ ನಿಮಗೇ ಗೊತ್ತು.

ಈಗ ಒಣ ಚೈನಿನ ವಿಷಯ. ಲೋಡ್ ಇಳಿಸಿ, ಚೈನ್ ಸಡಿಲ ಬಿಟ್ಟು, ಎರಡು ಕೊಂಡಿ ಸೇರುವ ಜಾಗವನ್ನು ಬೆರಳಲ್ಲಿ ಅಗಲಿಸಿ ನೋಡಿ. ಒಣಗಿದ್ದಿದ್ದರೆ ಅಲ್ಲಿ ಬೆಳ್ಳಿಯ ಹಾಗೆ ಹೊಳೆಯುವ ಸವೆತದ ಗುರುತು ಕಾಣುತ್ತದೆ. ಹೊರಗಿನಿಂದ ಚೈನ್ ಚೆನ್ನಾಗೇ ಕಾಣುತ್ತದೆ, ತಿನ್ನುವುದೆಲ್ಲ ಒಳಗೆ. "ಚೈನ್ ಉದ್ದ ಆಗಿದೆ" ಅನ್ನುತ್ತಾರಲ್ಲ, ಬಹಳ ಸಲ ಅದು ಎಳೆದು ಉದ್ದವಾದದ್ದಲ್ಲ, ಹೀಗೆ ಸವೆದು ಉದ್ದವಾದದ್ದು. ಕೊಂಡಿಯ ಕಂಬಿ 6 ಮಿ.ಮೀ. ದಪ್ಪ ಇದ್ದದ್ದು ಆ ಜಾಗದಲ್ಲಿ ವರ್ನಿಯರ್‌ಗೆ 5.4 ಸಿಕ್ಕಿದರೆ ಶೇ. 10 ಹೋಯಿತು, ಚೈನ್ ಬದಲಿಸಿ. ಪಿಚ್ಚು ಅಂದರೆ ಒಂದು ಕೊಂಡಿಯ ಒಳ ಉದ್ದ. 18 ಮಿ.ಮೀ. ಪಿಚ್ಚಿನ ಚೈನಾದರೆ 11 ಕೊಂಡಿಯ ಪಿಚ್ಚು ಸೇರಿ 198 ಮಿ.ಮೀ.; ಅದು 5 ಮಿ.ಮೀ.ನಷ್ಟು ಬೆಳೆದಿದ್ದರೆ ಶೇ. 2.5, ಕೈಪುಲ್ಲಿಗೆ ಸಾಮಾನ್ಯವಾಗಿ ಇಟ್ಟಿರುವ ಮಿತಿ ಅದು. ಮೋಟಾರಿನ ಹಾಯ್ಸ್ಟಿಗೆ ಇನ್ನೂ ಕಡಿಮೆ. ನಿಮ್ಮ ಪುಲ್ಲಿ ತಯಾರಿಸಿದ ಕಂಪನಿಯ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ಸವೆದ ಕೊಂಡಿಗೆ ವೆಲ್ಡಿಂಗ್ ಮಾಡಿಸುವ ಯೋಚನೆ ಬೇಡ. ಅದು ಹದ ಕೊಟ್ಟ ಉಕ್ಕು, ಬೆಂಕಿ ತಾಗಿದರೆ ಹದ ಹೋಗುತ್ತದೆ.

ಎಣ್ಣೆ ಹಾಕುವುದು ದೊಡ್ಡ ಕೆಲಸವಲ್ಲ. ಲೋಡ್ ಇರಬಾರದು, ಇದ್ದರೆ ಕೊಂಡಿಗಳು ಒತ್ತಿಕೊಂಡಿರುತ್ತವೆ, ಎಣ್ಣೆ ಬೇಕಾದ ಜಾಗಕ್ಕೇ ಹೋಗುವುದಿಲ್ಲ. ಬಟ್ಟೆಯಲ್ಲಿ ಧೂಳು ಒರೆಸಿ, ಒಳ್ಳೆ ಮೆಷಿನ್ ಆಯಿಲನ್ನು ಬ್ರಷ್ಷಿನಿಂದ ಕೆಳಗಿನಿಂದ ಹಚ್ಚಿ, ಕೊಂಡಿ ಅಲುಗಾಡಿಸಿ, ಹೆಚ್ಚಾದದ್ದನ್ನು ಒರೆಸಿಬಿಡಿ. ಹಳೇ ಎಂಜಿನ್ ಆಯಿಲ್ ಬೇಡ, ಅದರಲ್ಲಿ ಲೋಹದ ಪುಡಿ ಇರುತ್ತದೆ. ಫೌಂಡ್ರಿಯಂಥ ಮರಳು ಹಾರುವ ಕಡೆ ಗ್ರೀಸಂತೂ ಬೇಡವೇ ಬೇಡ, ಮರಳು ಸೇರಿದರೆ ಅದು ಗ್ರೈಂಡಿಂಗ್ ಪೇಸ್ಟೇ ಸರಿ.

ಇದನ್ನು ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಪುಲ್ಲಿಗೆ ಪರೀಕ್ಷೆ ಆರು ತಿಂಗಳಿಗೋ, ವರ್ಷಕ್ಕೋ ಅಂತ ಜಗಳ ಆಡುವವರನ್ನು ನೋಡಿದ್ದೇನೆ. ಚೈನ್ ಪುಲ್ಲಿಗೂ ಹಾಯ್ಸ್ಟ್ ಅನ್ನುತ್ತಾರಲ್ಲ, ಗೊಂದಲ ಎಲ್ಲಾ ಆ ಪದದ್ದು. 2025ರ ನವೆಂಬರ್ ತನಕ ಜಾರಿಯಲ್ಲಿದ್ದ 1948ರ ಫ್ಯಾಕ್ಟರೀಸ್ ಆಕ್ಟ್‌ನ 28ನೇ ಸೆಕ್ಷನ್ನಿನಲ್ಲಿ ಹಾಯ್ಸ್ಟ್ ಅಂದರೆ ಗೈಡಿನಲ್ಲಿ, ಅಂದರೆ ದಾರಿ ತಪ್ಪದಂತೆ ಹಿಡಿಯುವ ಹಳಿಯಲ್ಲಿ, ಓಡುವ ವೇದಿಕೆಯೋ ಪಂಜರವೋ ಇರುವಂಥದ್ದು, ಅದಕ್ಕೆ ಆರು ತಿಂಗಳಿಗೊಮ್ಮೆ ಅಂತ ಬರೆದಿದ್ದರು. ನಮ್ಮ ಚೈನ್ ಪುಲ್ಲಿ 29ನೇ ಸೆಕ್ಷನ್ನಿನದಾಗಿತ್ತು, ಅಲ್ಲಿ ಕಾಂಪಿಟೆಂಟ್ ಪರ್ಸನ್, ಅಂದರೆ ಪರೀಕ್ಷಿಸುವ ಅರ್ಹತೆ ಇದ್ದವರು, ಮಾಡುವ ಪರೀಕ್ಷೆ ಕನಿಷ್ಠ 12 ತಿಂಗಳಿಗೊಮ್ಮೆ ಇತ್ತು, ಜೊತೆಗೆ ರಿಜಿಸ್ಟರ್. ಆದರೆ ಆ ಕಾಗದ ಪರೀಕ್ಷೆಯ ದಿನದ ಸ್ಥಿತಿ ಹೇಳುತ್ತದೆ, ಇವತ್ತಿನದ್ದಲ್ಲ. ಒಮ್ಮೆ ಒಬ್ಬರು ಹೆಮ್ಮೆಯಿಂದ ಫೈಲ್ ತೆಗೆದು ಹೊಚ್ಚ ಹೊಸ ಸರ್ಟಿಫಿಕೇಟ್ ತೋರಿಸಿದರು. ಅವರ ತಲೆ ಮೇಲೆ ತೂಗುತ್ತಿದ್ದ ಹುಕ್ಕಿನ ಲಾಕ್ ಮುಚ್ಚಿಕೊಳ್ಳದಂತೆ ಸೆಂಟ್ರಿಂಗ್ ತಂತಿಯಲ್ಲಿ ಬಿಗಿದಿದ್ದರು. ಯಾಕ್ರೀ ಅಂದರೆ, "ಸ್ಲಿಂಗ್ ಹಾಕೋಕೆ ಸಲೀಸಾಗುತ್ತೆ ಸಾರ್." ತಂತಿ ಬಿಚ್ಚಿ ಜೇಬಿಗೆ ಹಾಕಿಕೊಂಡು ಬಂದೆ.