ಸೈಕಲ್ ಹಾದಿ ಎಲ್ಲಿ ತುಂಡಾಗುತ್ತದೆ?

ಸೈಕಲ್ ಹಾದಿಗಳ ನಕ್ಷೆ ಹಾಕುವುದು ನನ್ನ ಕೆಲಸ. ಹೊಸ ಹಾದಿ ಸಿದ್ಧವಾದಾಗಲೆಲ್ಲ ಎಲ್ಲರೂ ಕೇಳುವುದು ಒಂದೇ: ‘ಒಟ್ಟು ಎಷ್ಟು ಕಿಲೋಮೀಟರ್ ಆಯ್ತು?’ ಎಲ್ಲೆಲ್ಲಿ ತುಂಡಾಗಿದೆ ಅಂತ ಯಾರೂ ಕೇಳುವುದಿಲ್ಲ.

ಮನೆಯಿಂದ ಆಫೀಸಿಗೆ 5 ಕಿಲೋಮೀಟರ್ ಅಂದುಕೊಳ್ಳಿ. ಆರಾಮಾಗಿ ತುಳಿದರೂ 20 ನಿಮಿಷದ ದಾರಿ. ಅದರಲ್ಲಿ ನಾಲ್ಕೂಮುಕ್ಕಾಲು ಕಿಲೋಮೀಟರ್ ಚೆನ್ನಾಗಿದ್ದು, ಉಳಿದ ಕಾಲು ಕಿಲೋಮೀಟರ್ ಬಸ್ಸು ಲಾರಿಗಳ ನಡುವೆ ನುಸುಳಬೇಕು ಅಂದರೆ ಸುಮಾರು ಜನ ಸೈಕಲ್ ಮುಟ್ಟುವುದೇ ಇಲ್ಲ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಸೈಕಲ್ ಯೋಜನೆ ನೋಡಿಕೊಳ್ಳುತ್ತಿದ್ದ ರೋಜರ್ ಗೆಲ್ಲರ್ 2006ರಲ್ಲಿ ತಮ್ಮ ಊರಿನವರನ್ನು ನಾಲ್ಕು ಗುಂಪು ಮಾಡಿದ್ದರು. ಎಂಥ ರಸ್ತೆಗೂ ಹೆದರದೆ ಸೈಕಲ್ ಇಳಿಸುವವರು ನೂರಕ್ಕೆ ಒಬ್ಬರೂ ಇಲ್ಲ. ಆಸೆ ಇದೆ, ಆದರೆ ಭಯ ಅನ್ನುವವರು ಸುಮಾರು 60. ಅದು ಅವರ ಅನುಭವದ ಅಂದಾಜು ಅಷ್ಟೆ. ಆದರೂ ಈ 60 ಜನರನ್ನು ಬಿಟ್ಟು ನಾನು ನಕ್ಷೆ ಹಾಕುವುದಿಲ್ಲ. ಸ್ಪೇನಿನ ಸೆವಿಲ್ ನಗರ ತುಂಡು ತುಂಡಾಗಿ ಕಟ್ಟುವ ಬದಲು ಒಂದಕ್ಕೊಂದು ಕೂಡುವ ಹಾದಿಗಳನ್ನು ಒಟ್ಟಿಗೇ ಹಾಕಿತು. ಕೆಲವೇ ವರ್ಷಗಳಲ್ಲಿ ಅಲ್ಲಿ ಸೈಕಲ್ ಓಡಾಟ ಹಲವು ಪಟ್ಟು ಹೆಚ್ಚಿತು.

ಈಗ ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ನಾನೇ ಸಹಿ ಹಾಕಿದ ಹಾದಿ. ಅಗಲ 2 ಮೀಟರ್, ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಒಂದು ಬೆಳಿಗ್ಗೆ ಅದರಲ್ಲೇ ಕೆಲಸಕ್ಕೆ ಹೊರಟೆ. ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಸಾಲು ಕಂಬ. ಗೋಡೆಗೆ ಭುಜ ಒರೆಸಿಕೊಂಡು ಯಾರೂ ಸೈಕಲ್ ಹೊಡೆಯುವುದಿಲ್ಲ, ಅಲ್ವಾ? ಎರಡೂ ಕಡೆ ಅರ್ಧರ್ಧ ಮೀಟರ್ ಹೋಯಿತು. ಉಳಿದದ್ದು ಒಂದೇ ಮೀಟರ್. ಹ್ಯಾಂಡಲ್ಲಿಗೇ 60 ಸೆಂಟಿಮೀಟರ್ ಬೇಕು. ಮುಂದೆ ಒಬ್ಬರು ನಿಧಾನಕ್ಕೆ ಹೋಗುತ್ತಿದ್ದರೆ ಅವರ ಹಿಂದೆಯೇ ಸುಮ್ನೆ ಹೋಗಬೇಕು.

ಮುಂದೆ ರಸ್ತೆಯಿಂದ ಹಾದಿಗೆ ಹತ್ತುವ ಇಳಿಜಾರು. ಅಲ್ಲಿ ಅಂಚುಗಲ್ಲು 2 ಸೆಂಟಿಮೀಟರ್ ಎದ್ದಿತ್ತು. ನಕ್ಷೆಯಲ್ಲಿ ಅದು ಬರೀ ಒಂದು ಗೆರೆ. ನೇರ ಹತ್ತಿದರೆ ಒಂದು ಸಣ್ಣ ಕುಲುಕು, ಅಷ್ಟೇ. ಓರೆಯಾಗಿ ಹತ್ತಿದರೆ, ಅದೂ ಮಳೆ ಬಂದು ನೆಲ ಒದ್ದೆಯಾಗಿದ್ದರೆ, ಮುಂದಿನ ಚಕ್ರ ಅಂಚಿನ ಉದ್ದಕ್ಕೂ ಜಾರುತ್ತದೆ. ನನ್ನದೂ ಜಾರಿತು, ಮೊಣಕೈ ತರಚಿತು. ಆಮೇಲಿಂದ ನನ್ನ ನಕ್ಷೆಗಳಲ್ಲಿ ಆ ಜಾಗಕ್ಕೆ ‘ನೆಲಕ್ಕೆ ಸಮ’ ಅಂತ ಕೆಂಪು ಅಕ್ಷರದಲ್ಲಿ ಬರೆಯುತ್ತೇನೆ. ಚರಂಡಿ ಜಾಲರಿಯೂ ಹಾಗೆಯೇ. ಕಂಬಿಗಳು ಚಕ್ರಕ್ಕೆ ಅಡ್ಡ ಇರಬೇಕು. ಉದ್ದಕ್ಕಿದ್ದರೆ ಟೈರು ಒಳಗೆ ಸಿಕ್ಕಿಕೊಳ್ಳುತ್ತದೆ.

ಜಾಸ್ತಿ ತಲೆನೋವು ಮಾತ್ರ ಸರ್ಕಲ್‌ಗಳದ್ದೇ. ತುಂಬಾ ಕಡೆ ಹಾದಿ ಅಲ್ಲಿಗೆ ಬರುವಷ್ಟರಲ್ಲಿ ಮಾಯ. ನೆದರ್ಲೆಂಡ್ಸ್‌ನಲ್ಲಿ ಮೂಲೆಗೆ ಒಂದು ಸಣ್ಣ ದ್ವೀಪ ಕಟ್ಟಿ, ಸೈಕಲ್ ದಾಟುವ ಜಾಗವನ್ನು ಸುಮಾರು ಒಂದು ಕಾರಿನಷ್ಟು ಹಿಂದಕ್ಕೆ ಸರಿಸುತ್ತಾರೆ. ತಿರುಗುವ ಕಾರು ನಿಧಾನವಾಗಲೇಬೇಕು. ಅಷ್ಟರಲ್ಲಿ ಕಾರು ಪೂರ್ತಿ ತಿರುಗಿರುತ್ತದೆ, ಸೈಕಲ್‌ನವರು ಡ್ರೈವರಿನ ಕಣ್ಣೆದುರೇ ಇರುತ್ತಾರೆ. ಕೋಪನ್‌ಹೇಗನ್‌ನಲ್ಲಿ ಕೆಲವು ರಸ್ತೆಗಳ ಸಿಗ್ನಲ್‌ಗಳನ್ನು ಗಂಟೆಗೆ 20 ಕಿಲೋಮೀಟರ್ ಸೈಕಲ್ ವೇಗಕ್ಕೆ ಹೊಂದಿಸಿದ್ದಾರೆ. ಆ ವೇಗದಲ್ಲಿ ಹೋದವರಿಗೆ ಹಸಿರಿನ ಮೇಲೆ ಹಸಿರು.

ನಿಮ್ಮ ಊರಲ್ಲೂ ಹಾದಿ ಆಗುತ್ತಿದ್ದರೆ ವಾರದ ದಿನವೇ, ಕೆಲಸದ ಹೊತ್ತಿಗೇ ಒಮ್ಮೆ ಹೋಗಿ. ಬೆರಳು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದಲ್ಲ, ಅಲ್ಲಿ ನಿಲ್ಲಿ. ಹತ್ತಿರದ ದೀಪದ ಕಂಬದ ನಂಬರ್ ಬರೆದುಕೊಂಡು ದೂರು ಕೊಡಿ. ‘ಹಾದಿ ಸರಿಯಿಲ್ಲ’ ಅಂತಷ್ಟೇ ಬಂದರೆ ನಾವು ಎಲ್ಲಿ ಅಂತ ಹುಡುಕುವುದು?